ರಾಗಿ ಹಿಟ್ಟಿನ ಪೊಟ್ಟಣ ಕಟ್ಟುವ ಯಂತ್ರವು ಪದೇ ಪದೇ ನಿಲ್ಲದಂತೆ ನೋಡಿಕೊಳ್ಳುವ ಕ್ರಮ

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ಮಾರ್ಗದಲ್ಲಿರುವ ಹೆಬ್ಬೂರು ಹೋಬಳಿಯಲ್ಲಿಯೂ ಅದರ ಸುತ್ತುಮುತ್ತಣ ಸೀಮೆಯಲ್ಲಿಯೂ ರಾಗಿ ಮತ್ತು ತೆಂಗು ಮುಖ್ಯವಾದ ಬೆಳೆಗಳೆಂಬುದು ಸರ್ವರಿಗೂ ವಿದಿತವಾದ ವಿಷಯ. ರಾಗಿಯನ್ನು ಮೂಟೆಯಲ್ಲಿಯೇ ಮಾರುವುದಕ್ಕಿಂತ ಹಿಟ್ಟು ಮಾಡಿ ಪೊಟ್ಟಣಗಳಲ್ಲಿ ಮಾರಿದರೆ ಹೆಚ್ಚು ಲಾಭವುಂಟೆಂದು ಅನೇಕರು ಈ ಉದ್ಯಮಕ್ಕೆ ಕೈ ಹಾಕುತ್ತಿರುವರು. 2014ನೆಯ ಇಸವಿ ಸೆಪ್ಟೆಂಬರ್ 24ರಂದು ಇದೇ ಜಿಲ್ಲೆಯ ವಸಂತನರಸಾಪುರದಲ್ಲಿ ಆಹಾರ ಪಾರ್ಕು ಪ್ರಾರಂಭವಾಯಿತು. 2020ರಲ್ಲಿ ಏರ್ಪಟ್ಟ ಕೇಂದ್ರ ಸರ್ಕಾರದ ಕಿರು ಆಹಾರ ಉದ್ಯಮಗಳ ಯೋಜನೆಯು ಬಂಡವಾಳದಲ್ಲಿ ನೂರಕ್ಕೆ 35 ಪಾಲನ್ನು, 10 ಲಕ್ಷ ರೂಪಾಯಿ ಮೀರದಂತೆ, ಸಹಾಯಧನವಾಗಿ ಗೊತ್ತುಮಾಡಿತು. ಮಿಕ್ಕ ಹಣವು ಸಾಮಾನ್ಯವಾಗಿ ಬ್ಯಾಂಕಿನ ಸಾಲವೇ ಆಗಿರುವುದು. ಯಂತ್ರವು ನಿಂತ ದಿನ ಸಾಲದ ಬಡ್ಡಿಯು ನಿಲ್ಲುವುದಿಲ್ಲ.

ಈ ಯಂತ್ರದ ಕೆಲಸವನ್ನು ಮೊದಲು ತಿಳಿಯತಕ್ಕದ್ದು. ಸುರುಳಿಯಿಂದ ಬಿಚ್ಚಿದ ಪ್ಲಾಸ್ಟಿಕ್ ಹಾಳೆಯು ಕಾಲರಿನ ಮೇಲಿಂದ ಇಳಿದು ಕೊಳವೆಯ ಆಕಾರವನ್ನು ತಾಳುತ್ತದೆ. ಅದರ ನಿಲುವಾದ ಅಂಚು ಕಾವಿನಿಂದ ಬೆಸೆಯಲ್ಪಡುತ್ತದೆ. ಕೆಳಗಿನ ಅಡ್ಡ ದವಡೆಗಳು ತಳವನ್ನು ಬೆಸೆದೊಡನೆ ಮೇಲಿನ ತಿರುಪು ಗೊತ್ತಾದಷ್ಟು ಸುತ್ತು ತಿರುಗಿ ಹಿಟ್ಟನ್ನು ಸುರಿಸುವುದು. ದವಡೆಗಳು ಪುನಃ ಮುಚ್ಚಿ ಬಾಯನ್ನು ಬೆಸೆಯುವಾಗ ನಡುವಣ ಕತ್ತಿಯು ಪೊಟ್ಟಣವನ್ನು ಬೇರ್ಪಡಿಸುವುದು. ಇವು ಸರಪಳಿಯ ಕೊಂಡಿಗಳಿದ್ದಂತೆ. ಇಂಥ ಐದು ಭಾಗಗಳಲ್ಲಿ ಒಂದೊಂದೂ ನೂರು ದಿನಗಳಲ್ಲಿ 98 ದಿನ ನೆಟ್ಟಗೆ ನಡೆದರೂ, ಕೆಡುವ ದಿನಗಳು ಬೇರೆ ಬೇರೆಯಾಗಿ ಬಂದರೆ ಐದೂ ಒಟ್ಟಿಗೆ ನಡೆಯುವ ದಿನಗಳು ಸುಮಾರು 90 ಮಾತ್ರ.

ರಾಗಿ ಹಿಟ್ಟಿನಲ್ಲಿ ಹೆಚ್ಚಾಗಿ ಕಾಡುವ ದೋಷವು ಬೆಸುಗೆಯದು. ಹಿಟ್ಟು ಬಹು ನುಣುಪಾದುದರಿಂದ ಅದರ ಧೂಳು ಹಾಳೆಯ ಒಳಮೈಗೆ ಅಂಟಿ, ಬೆಸೆಯಬೇಕಾದ ಜಾಗದಲ್ಲಿಯೇ ನಿಲ್ಲುತ್ತದೆ. ಹೊರಗೆ ನೋಡಲು ಪೊಟ್ಟಣವು ಸರಿಯಾಗಿಯೇ ಇರುವುದು. ಆದರೆ ಕೂದಲೆಳೆಯಷ್ಟು ಸಂದಿಯಿಂದ ತೇವವು ಒಳಸೇರಿ ಹಿಟ್ಟು ಮುಗ್ಗುತ್ತದೆ. ಆಗ ಯಂತ್ರ ನಡೆಸುವವನು ದವಡೆಯ ಕಾವನ್ನು ಏರಿಸುವುದು ಸಾಮಾನ್ಯ ವಾಡಿಕೆ. ಇದು ತಪ್ಪಾದ ಚಿಕಿತ್ಸೆ. ಕಾವು ಮಿತಿಮೀರಿದರೆ ಹಾಳೆ ಮುದುಡುತ್ತದೆ, ಕರಗಿದ ಪ್ಲಾಸ್ಟಿಕ್ಕು ದವಡೆಗೆ ಹತ್ತುತ್ತದೆ, ಮುಂದಿನ ಪೊಟ್ಟಣಗಳು ಹರಿಯುತ್ತವೆ. ಬೆಸುಗೆಗೆ ಕಾವು, ಒತ್ತಡ, ಕಾಲ ಎಂಬ ಮೂರೂ ಹೊಂದಬೇಕು. ಮೊದಲು ತಿರುಪಿನ ತುದಿಯಿಂದ ಹಿಟ್ಟು ಸೋರುತ್ತಿದೆಯೇ ಎಂದು ನೋಡತಕ್ಕದ್ದು; ಹಿಟ್ಟು ಪೂರ್ತಿಯಾಗಿ ಕೆಳಗಿಳಿದ ಮೇಲೆ ದವಡೆ ಮುಚ್ಚುವಂತೆ ಸ್ವಲ್ಪ ತಡಮಾಡತಕ್ಕದ್ದು; ಗಿರಣಿಯಿಂದ ಬಂದ ಬಿಸಿ ಹಿಟ್ಟನ್ನು ಆರಿಸದೆ ತುಂಬಲೇಕೂಡದು. ಗಂಟೆಗೊಂದು ಪೊಟ್ಟಣವನ್ನು ನೀರಿನಲ್ಲಿ ಅದುಮಿ, ಗುಳ್ಳೆ ಬರುವುದೋ ಎಂದು ನೋಡಿದರೆ ಕಾಸು ಖರ್ಚಿಲ್ಲದೆ ಬೆಸುಗೆಯ ಪರೀಕ್ಷೆಯಾಗುತ್ತದೆ.

ತೂಕವೂ ಹೀಗೆಯೇ. ಮೇಲಿನ ತೊಟ್ಟಿಯಲ್ಲಿ ಹಿಟ್ಟು ತುಂಬಿದ್ದಾಗ ಅದು ಅಡಕವಾಗಿರುವುದು, ಬರಿದಾಗುತ್ತ ಬಂದಾಗ ಸಡಿಲವಾಗುವುದು. ತಿರುಪಿನ ಸುತ್ತು ಒಂದೇ ಆಗಿದ್ದರೂ ತೂಕ ಬೇರೆಯಾಗುತ್ತದೆ. 2011ರ ಪೊಟ್ಟಣ ಸರಕುಗಳ ನಿಯಮಗಳಂತೆ ಒಂದು ಕಿಲೋಗ್ರಾಮಿನ ಪೊಟ್ಟಣದಲ್ಲಿ 15 ಗ್ರಾಮಿಗಿಂತ ಹೆಚ್ಚು ಕಡಮೆಯಾಗಬಾರದು. ತೊಟ್ಟಿಯ ಮಟ್ಟವನ್ನು ಒಂದೇ ಸಮನಾಗಿಟ್ಟರೆ ಈ ತೊಂದರೆಯ ಬಹುಭಾಗ ತಪ್ಪುವುದು.

ಸಾಯಂಕಾಲದ ಶುಚಿಯ ಕೆಲಸಕ್ಕೆ ಕುಂಚವೂ ಧೂಳೆಳೆಯುವ ಯಂತ್ರವೂ ತಕ್ಕವು. ಗಾಳಿಯಿಂದ ಊದುವುದು ಸುಲಭವಾಗಿ ಕಂಡರೂ ಬಹಳ ಕೆಟ್ಟದ್ದು. ಹಿಟ್ಟು ಬೇರಿಂಗುಗಳಿಗೂ ವಿದ್ಯುತ್ ಪೆಟ್ಟಿಗೆಗೂ ನುಗ್ಗುತ್ತದೆ. ಅದೂ ಅಲ್ಲದೆ ಗಾಳಿಯಲ್ಲಿ ದಟ್ಟವಾಗಿ ತೇಲುವ ಹಿಟ್ಟು ಕಿಡಿ ತಗುಲಿದರೆ ಸಿಡಿಯಬಲ್ಲುದು. ಕಂಪ್ರೆಸರಿನ ತೊಟ್ಟಿಯಲ್ಲಿ ಕೂಡಿದ ನೀರನ್ನು ಪ್ರತಿದಿನವೂ, ಮಳೆಗಾಲದಲ್ಲಿ ಎರಡು ಸಲ, ಬಿಡತಕ್ಕದ್ದು.

ಹಾಗೆಂದು ವಾರವಾರವೂ ಯಂತ್ರವನ್ನು ಬಿಚ್ಚಿ ಜೋಡಿಸುವುದು ಜಾಣತನವಲ್ಲ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಕರಾವಳಿ ವಿಮಾನದಳದ ಲೆಕ್ಕಗಳನ್ನು ವಾಡಿಂಗ್‌ಟನ್ ಮೊದಲಾದ ವಿಜ್ಞಾನಿಗಳು ಪರಿಶೀಲಿಸಿದಾಗ, ನಿಯತಕಾಲದ ತಪಾಸಣೆ ಮುಗಿದ ಕೂಡಲೇ ರಿಪೇರಿಗಳು ಹೆಚ್ಚಾಗಿ, ಬಳಿಕ ಕಡಮೆಯಾಗುತ್ತಿದ್ದುದು ಕಂಡುಬಂದಿತು. ನೆಟ್ಟಗಿದ್ದುದನ್ನು ಕದಲಿಸಿದ್ದೇ ಕಾರಣ. 1978ರಲ್ಲಿ ಅಮೆರಿಕದ ನೌಲನ್ ಮತ್ತು ಹೀಪ್ ಎಂಬವರು ವಿಮಾನದ ಭಾಗಗಳಲ್ಲಿ ನೂರಕ್ಕೆ 11ರಷ್ಟು ಮಾತ್ರ ವಯಸ್ಸಾದಂತೆ ಹೆಚ್ಚು ಕೆಡುವುವೆಂದು ತೋರಿಸಿದರು. ಆದುದರಿಂದ ಸವೆಯುವ ಕತ್ತಿ, ಬೆಲ್ಟು, ದವಡೆಯ ಟೆಫ್ಲಾನ್ ಬಟ್ಟೆ ಇವುಗಳನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸಿ, ಮಿಕ್ಕವುಗಳ ಶಬ್ದ, ಬಿಸಿ, ಅದುರುಗಳನ್ನು ಮುಟ್ಟಿ ಕೇಳಿ ತಿಳಿಯುವುದು ಮೇಲು.

ಇದಕ್ಕೆಲ್ಲ ಒಂದು ನೋಟುಪುಸ್ತಕವು ಅವಶ್ಯಕ. ಯಂತ್ರವು ನಿಂತ ಹೊತ್ತು, ಕಾರಣ, ಎಷ್ಟು ನಿಮಿಷ ಎಂಬ ಮೂರನ್ನೇ ಬರೆದರೆ ಸಾಕು. ತಿಂಗಳಿಗೊಮ್ಮೆ ಬೆಲ್ಟು ಹರಿದು ಎರಡು ಗಂಟೆ ನಿಂತುದು ಎಲ್ಲರ ನೆನಪಿನಲ್ಲಿಯೂ ಉಳಿಯುತ್ತದೆ. ಆದರೆ ಹಾಳೆ ಸರಿದುದಕ್ಕೆ ದಿನಕ್ಕೆ 12 ಸಲ, ನಾಲ್ಕು ನಾಲ್ಕು ನಿಮಿಷ ನಿಂತರೆ, 25 ದಿನಗಳಲ್ಲಿ 20 ಗಂಟೆಗಳಾಗುವುದನ್ನು ಯಾರೂ ಎಣಿಸುವುದಿಲ್ಲ.

ಹೆಬ್ಬೂರಿನಂಥ ಊರಿನಲ್ಲಿ ಹೀಟರೊಂದು ಸುಟ್ಟರೆ ತುಮಕೂರಿಗೋ ಬೆಂಗಳೂರಿಗೋ ಹೋಗಿ ತರುವಷ್ಟರಲ್ಲಿ ದಿನವೇ ಕಳೆಯುತ್ತದೆ. ಹೀಟರು, ಕಾವಳೆಯುವ ಥರ್ಮೋಕಪಲ್, ಬೆಲ್ಟು, ಕತ್ತಿ, ಟೆಫ್ಲಾನ್ ಬಟ್ಟೆ ಇವು ಒಂದೊಂದಾದರೂ ಪೆಟ್ಟಿಗೆಯಲ್ಲಿ ಸಿದ್ಧವಿರತಕ್ಕದ್ದು. ಬೆಲ್ಟನ್ನು ಬಿಸಿಲು ಬೀಳುವ ಗೋಡೆಯ ಮೊಳೆಗೆ ನೇತುಹಾಕಬಾರದು. ರಬ್ಬರು ಒಣಗಿ ಬಿರಿದು, ಬೇಕಾದ ದಿನ ಕೈಕೊಡುತ್ತದೆ.