ಮೀನಿನ ತಲೆಯೊಳಗಿನ ಕಿರುಗ್ರಂಥಿ

ಕೆರೆಯಲ್ಲಿ ಬಿಟ್ಟ ರೋಹು, ಮೃಗಾಲ್ ಮೀನುಗಳು ಸೊಗಸಾಗಿ ಬೆಳೆಯುವುವು; ಹೊಟ್ಟೆಯಲ್ಲಿ ತತ್ತಿಯೂ ತುಂಬುವುದು. ಆದರೆ ಹರಿಯುವ ಹೊಳೆಯ ಮಳೆಗಾಲದ ನೆರೆಯಿಲ್ಲದೆ ಅವು ತತ್ತಿಯಿಡವು. ಆದಕಾರಣ ಮೀನು ಸಾಕುವವರು ಮರಿಗಳಿಗಾಗಿ ನದಿಯನ್ನೇ ಕಾದುಕೊಂಡಿರಬೇಕಾಗಿದ್ದಿತು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಬಲಿತ ಮೀನುಗಳ ತಲೆಯಿಂದ ತೆಗೆದ ಪಿಟ್ಯೂಟರಿ ಗ್ರಂಥಿಯ ಸಾರವನ್ನು ಚುಚ್ಚಿ, ನಿಂತ ನೀರಿನಲ್ಲಿಯೇ ಇವುಗಳಿಂದ ತತ್ತಿಯಿಡಿಸಿದರು. ಪುಟ್ಟ ಕಾಳಿನಷ್ಟಿರುವ ಈ ಗ್ರಂಥಿಗೆ ಅಷ್ಟು ಅಧಿಕಾರವೆಲ್ಲಿಂದ ಬಂದಿತೆಂದು ವಾಚಕರು ಕೇಳುವುದು ಸಹಜವೇ.

ಉತ್ತರವನ್ನು ಭ್ರೂಣದಲ್ಲಿ ಹುಡುಕಬೇಕು. ಅದಕ್ಕೆ ನೆರವಾದುದು ನಮ್ಮ ದೇಶದ ಹೊಳೆಗಳಲ್ಲಿಯೇ ಇರುವ ಜೀಬ್ರಾ ಮೀನು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ನೋಡಿದ ಬುಕಾನನ್ ಸಾಹೇಬರೇ, ಹ್ಯಾಮಿಲ್ಟನ್ ಎಂಬ ಹೆಸರಿನಿಂದ, 1822ರ ತಮ್ಮ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ಇದನ್ನು ಮೊದಲು ವರ್ಣಿಸಿದರು. ಕೀರ್ತಿಯಾದರೋ ಇದಕ್ಕೆ ಬಂದುದು ಅಮೆರಿಕದ ಆರೆಗಾನ್‌ನಲ್ಲಿ, ಸ್ಟ್ರೈಸಿಂಗರ್ ಎಂಬ ವಿದ್ವಾಂಸರ ಕೈಯಲ್ಲಿ. ನಮ್ಮ ಹೊಳೆಯ ಮೀನಿನ ಗುಣವನ್ನು ಪರದೇಶದವರು ಮೊದಲು ಕಂಡರೆಂಬುದು ನಮಗೆ ಕೊಂಚ ನಾಚಿಕೆಯ ಮಾತೇ ಸರಿ.

ಇದರ ಭ್ರೂಣವು ತಾಯಿಯ ಹೊರಗೆ, ಗಾಜಿನಂತೆ ಪಾರದರ್ಶಕವಾಗಿ ಬೆಳೆಯುವುದು. ಮಿದುಳಾಗತಕ್ಕ ಹಾಳೆಯ ಮುಂದಿನ ಅಂಚಿನಲ್ಲಿ ಕೆಲವು ಕೋಶಗಳು ಗುಂಪುಗೂಡಿ, ಕ್ರಮೇಣ ಒಳಸರಿದು, ಸುಮಾರು ಒಂದು ದಿವಸದೊಳಗೆ ಹೈಪೋಥಲಾಮಸ್ ಎಂಬ ಮಿದುಳಿನ ಭಾಗದ ಅಡಿಯಲ್ಲಿ ನೆಲಸುವುವು. ಗ್ರಂಥಿಯ ಮುಂಭಾಗ ಇವುಗಳಿಂದ. ಹಿಂಭಾಗ ಮಿದುಳಿನ ತಳದಿಂದಲೇ. ಮನುಷ್ಯನಲ್ಲಿ ಬಾಯಿಯ ಛಾವಣಿಯಿಂದ ಚೀಲವೊಂದು ಮೇಲಕ್ಕೆ ಮಡಿಸಿಕೊಂಡು ಬರುವುದು. ಈ ಮೀನಿನಲ್ಲಿ ಅಂತಹ ಚೀಲವಿಲ್ಲ. ಆ ಕೋಶಗಳಿಗೆ ಗ್ರಂಥಿಯಾಗಬೇಕೆಂಬ ಆಜ್ಞೆ ನೆರೆಯ ಮಿದುಳಿನಿಂದ ಬರತಕ್ಕದ್ದು. ಹೆಜ್‌ಹಾಗ್ ಎಂಬ ಆ ಸಂಕೇತವು ಕೆಟ್ಟಿರುವ ಭ್ರೂಣಗಳಲ್ಲಿ ಸೋಜಿಗವೊಂದು ಕಂಡುಬಂದಿದೆ: ಗ್ರಂಥಿಯಿರಬೇಕಾದ ಸ್ಥಳದಲ್ಲಿ ಕಣ್ಣಿನ ಮಸೂರವು ಬೆಳೆಯುವುದು! ಕತ್ತಲೆಯ ತಲೆಬುರುಡೆಯೊಳಗೆ, ನೋಡಲೇನೂ ಇಲ್ಲದೆಡೆ, ಒಂದು ಮಸೂರ.

ನೆರೆಹೊರೆಯ ಈ ಸಂಬಂಧ ಮೀನಿನ ಜೀವಮಾನವೆಲ್ಲ ಬಿಡದು. ನಮ್ಮಲ್ಲಿ ಮಿದುಳಿನ ಆಜ್ಞೆಯು ಗ್ರಂಥಿಯ ಮುಂಭಾಗಕ್ಕೆ ರಕ್ತನಾಳಗಳ ಮೂಲಕ ಇಳಿದರೆ, ಇಂತಹ ಮೀನುಗಳಲ್ಲಿ ನರತಂತುಗಳೇ ನೇರವಾಗಿ ಅದರೊಳಕ್ಕೆ ಹೊಗುವುವು. ಪ್ರೇರಿಸುವ ಆಜ್ಞೆಯೂ ಅಲ್ಲಿಂದಲೇ, ಡೋಪಮಿನ್ ಎಂಬ ತಡೆಯೂ ಅಲ್ಲಿಂದಲೇ. ಚೌಧುರಿಯವರ ಚುಚ್ಚುಮದ್ದು ಈ ಕಾವಲನ್ನು ಹಾದುಹೋಗಿ ಗ್ರಂಥಿಯ ಕೆಲಸವನ್ನು ತಾನೇ ಮಾಡಿತು. ಇಂದಿನ ಮರಿ ಉತ್ಪಾದನಾ ಕೇಂದ್ರಗಳಲ್ಲಿ ಬಳಸುವ ಮದ್ದಾದರೋ ಮಿದುಳಿನ ಪ್ರೇರಕವನ್ನು ಹೋಲುವ ದ್ರವ್ಯದೊಡನೆ ಡೋಪಮಿನ್ನಿನ ಅಡ್ಡಿಯನ್ನು ತೊಲಗಿಸುವ ಔಷಧವನ್ನೂ ಕೂಡಿಸಿದ್ದು, ಮೀನಿನ ಸ್ವಂತ ಗ್ರಂಥಿಯಿಂದಲೇ ಆ ಕೆಲಸವನ್ನು ಮಾಡಿಸುವುದು. ಇದಕ್ಕಾಗಿ ಇನ್ನೊಂದು ಮೀನಿನ ತಲೆಯನ್ನು ಒಡೆಯಬೇಕಾಗಿಲ್ಲ.