ತಪಾಸಣೆ ಬಂದರೆ ಕೆಲಸ ಕೆಡುವುದೇ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಕಡೆಯ ಶ್ರೋತೃಗಳು ಬೇಳೆ ಗಿರಣಿಯನ್ನು ಕಂಡೇ ಇರುತ್ತೀರಿ. ತಿರುಗುವ ಪಟ್ಟೆಗೆ ಮರೆಯಿದೆಯೇ, ಒಟ್ಟಿದ ಚೀಲಗಳು ಭದ್ರವೇ ಎಂದು ಅಲ್ಲಿ ನೋಡುವವರಾರು? 1948ರ ಕಾರ್ಖಾನೆ ಕಾಯಿದೆ ಯಂತ್ರಗಳಿಗೆ ಮರೆಯನ್ನು ಕಡ್ಡಾಯಗೊಳಿಸಿ, ಒಳಹೊಕ್ಕು ಪರೀಕ್ಷಿಸುವ ಅಧಿಕಾರವನ್ನು ಇನ್‌ಸ್ಪೆಕ್ಟರರಿಗೆ ಕೊಟ್ಟಿತು. ಆದರೆ ವಿದ್ಯುತ್ತು ಬಳಸುವಲ್ಲಿ 10 ಆಳುಗಳಿದ್ದರೆ ಮಾತ್ರ ಅದು ಕಾರ್ಖಾನೆ. 9 ಮಂದಿಯ ಗಿರಣಿ ಸಾಮಾನ್ಯವಾಗಿ ಹೊರಗುಳಿಯಿತು. ಪಟ್ಟೆಗೇನು, ಎಣಿಸಲು ಬರುತ್ತದೆಯೇ! 2020ರ ಸಂಹಿತೆಯಂತೂ ಈ 10ನ್ನು 20ಕ್ಕೆ ಏರಿಸಿತು.

ತಪಾಸಣೆಯಿಂದ ಕೆಲಸ ಕೆಡುವುದೆಂಬುದು ಮಾಲೀಕರ ಹಳೆಯ ದೂರು. ಇದನ್ನು ಒರೆಗೆ ಹಚ್ಚುವುದು ಕಷ್ಟ. ಇನ್‌ಸ್ಪೆಕ್ಟರರು ಹೆಚ್ಚಾಗಿ ಹೋಗುವುದು ಅಪಘಾತವಾದಲ್ಲಿಗೆ. ಆದ್ದರಿಂದ ಅವರು ಕಾಲಿಟ್ಟ ಸ್ಥಳಗಳೇ ಕೆಟ್ಟವಾಗಿ ತೋರುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮಾತ್ರ ಕೆಲವು ಸ್ಥಳಗಳನ್ನು ಚೀಟಿ ಎತ್ತಿದಂತೆ ಆರಿಸಿ ತಪಾಸಣೆ ಮಾಡುತ್ತಿದ್ದರು. ‘ಸೈನ್ಸ್’ ಪತ್ರಿಕೆ 2012ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಅಲ್ಲಿ ಗಾಯಗಳು ಶೇಕಡಾ 9.4ರಷ್ಟು ತಗ್ಗಿದವು, ಮಾರಾಟವಾಗಲಿ ಉದ್ಯೋಗವಾಗಲಿ ಕುಗ್ಗಿದ್ದು ಕಾಣಲಿಲ್ಲ. ನನಗಿದು ಆಶ್ಚರ್ಯವೆನಿಸದು. ಅಂಜಿದ ಕೈ ನಿಧಾನ. ಗಾಯಗೊಂಡವನ ಜಾಗಕ್ಕೆ ಬಂದ ಹೊಸಬ ಪಳಗಬೇಕು.

ಚೀಲಗಳ ಮಾತು ತೆಗೆದೆನಲ್ಲ. ಈ ತಾಲೂಕುಗಳ ಜಿಲ್ಲಾಕೇಂದ್ರವಾದ ವಿಜಯಪುರದಲ್ಲಿಯೇ, 2023ರ ಡಿಸೆಂಬರಿನ ಒಂದು ಸಂಜೆ, ಉಗ್ರಾಣವೊಂದರಲ್ಲಿ ಗೋವಿನಜೋಳದ ರಾಶಿ ಕುಸಿಯಿತು. ಅದರಡಿ ಸಿಕ್ಕಿ ಬಿಹಾರದಿಂದ ದುಡಿಯಲು ಬಂದ 7 ಮಂದಿ ಮಡಿದರು. ಅವರೆಲ್ಲರನ್ನೂ ಹೊರತೆಗೆಯುವಷ್ಟರಲ್ಲಿ ಮರುದಿನವಾಗಿತ್ತು.