ಬಂಡೆಯೇರುವ ಪುಟ್ಟ ವಾಹನಕ್ಕೆ ಬಾಡಿ ಕಟ್ಟುವ ಕಸುಬು

ರೇಡಿಯೋ ನಿಯಂತ್ರಿತ ಮಾದರಿ ವಾಹನಗಳಲ್ಲಿ ಓಟದ ವೇಗಕ್ಕಾಗಿ ಕಟ್ಟಿದವು ಒಂದು ಬಗೆಯಾದರೆ, ವೇಗವನ್ನು ಬದಿಗಿರಿಸಿ ಕಲ್ಲುಬಂಡೆಗಳ ಮೇಲೆ ಮೆಲ್ಲಮೆಲ್ಲನೆ ತೆವಳುತ್ತ ಏರುವುದಕ್ಕೆಂದೇ ಕಟ್ಟಿದವು ಇನ್ನೊಂದು ಬಗೆಯಾಗಿದ್ದು, ಈ ಎರಡನೆಯ ಬಗೆಯನ್ನು ಹವ್ಯಾಸಿಗಳು ರಾಕ್ ಕ್ರಾಲರ್ ಎಂದು ಕರೆಯುತ್ತಾರೆ. ನಾಲ್ಕೂ ಚಕ್ರಗಳಿಗೆ ಮೋಟಾರಿನ ಬಲ, ಬಂಡೆಯನ್ನು ಹಿಡಿದುಕೊಳ್ಳುವ ಮೆತ್ತನೆಯ ಟೈರು, ಒಂದು ಚಕ್ರ ಮೇಲೆದ್ದಾಗಲೂ ಉಳಿದವು ನೆಲ ಬಿಡದಂತೆ ಬಾಗಿಕೊಡುವ ಆಕ್ಸಲ್, ಇವೆಲ್ಲವೂ ಅದರ ಚಾಸಿಗೆ ಸೇರಿದ ಸಂಗತಿಗಳು. ಆ ಚಾಸಿಯ ಮೇಲೆ ಕೂರುವ, ನಿಜವಾದ ಜೀಪಿನದೋ ಟ್ರಕ್ಕಿನದೋ ತದ್ರೂಪವಾಗಿರುವ ಹೊರಕವಚವೇ ಬಾಡಿ. ಅಸಲಿ ವಾಹನದ ಹತ್ತನೆಯ ಒಂದು ಅಳತೆಯ ಮಾದರಿಗಳು ಹೆಚ್ಚು ಪ್ರಚಲಿತವಾಗಿದ್ದು, ಅಮೆರಿಕದ ಆಕ್ಸಿಯಲ್ ಕಂಪನಿಯ ಎಸ್‌ಸಿಎಕ್ಸ್10 ಮತ್ತು 2017ರಲ್ಲಿ ಬಂದ ಟ್ರಾಕ್ಸಸ್ ಕಂಪನಿಯ ಟಿಆರ್‌ಎಕ್ಸ್-4 ಈ ವರ್ಗದ ಹೆಸರಾಂತ ಮಾದರಿಗಳಾಗಿವೆ. ಅಂಗೈಯಗಲದ, 1:24 ಅಳತೆಯವೂ ಈಗ ಸಿಗುತ್ತವೆ.

ಹುಬ್ಬಳ್ಳಿ–ಹೊಸಪೇಟೆ ಹೆದ್ದಾರಿಯ ಮೇಲಿರುವ ಹಿಟ್ನಾಳವನ್ನು ನಡುವಿಟ್ಟುಕೊಂಡು ಕೊಪ್ಪಳ ಜಿಲ್ಲೆಯನ್ನು ನೋಡಿದರೆ, ಈ ಹವ್ಯಾಸಕ್ಕೆ ಬೇಕಾದ ಬಹುತೇಕ ಎಲ್ಲವೂ ಒಂದೇ ಸೀಮೆಯಲ್ಲಿ ಕೂಡಿಬಂದಿರುವುದು ಕಾಣುತ್ತದೆ. ಹಿಟ್ನಾಳಕ್ಕೆ ಹೊಂದಿಕೊಂಡ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ನಿಜವಾದ ಟ್ರ್ಯಾಕ್ಟರು ಮತ್ತು ವಾಹನಗಳ ಎಂಜಿನ್ನಿಗೆ ಬೇಕಾದ ಸಿಲಿಂಡರ್ ಬ್ಲಾಕುಗಳು ಎರಕಗೊಳ್ಳುತ್ತವೆ. ಅದೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸಾಗಿದರೆ, 2021ರಲ್ಲಿ ಶಂಕುಸ್ಥಾಪನೆಗೊಂಡ ಭಾನಾಪುರದ ಆಟಿಕೆ ಕ್ಲಸ್ಟರ್ ಇದೆ. ಕೊಪ್ಪಳಕ್ಕೆ ಸಮೀಪದ ಕಿನ್ನಾಳದಲ್ಲಿ, ಭೌಗೋಳಿಕ ಸೂಚಕದ ಮನ್ನಣೆ ಪಡೆದ ಮರದ ಗೊಂಬೆಗಳನ್ನು ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಮಾಡುತ್ತ ಬಂದಿವೆ. ಪೂರ್ವಕ್ಕೆ ಆನೆಗೊಂದಿಯವರೆಗೆ ಹರಡಿರುವ, ಸುಮಾರು 250 ಕೋಟಿ ವರ್ಷ ಹಳೆಯದಾದ ಗ್ರಾನೈಟ್ ಗುಡ್ಡಗಳಂತೂ ದುಂಡುಬಂಡೆಗಳ ರಾಶಿಗಳೇ ಆಗಿದ್ದು, ಬರಿಗೈಯಲ್ಲಿ ಬಂಡೆ ಹತ್ತುವ ಸಾಹಸಿಗರನ್ನು ದೇಶವಿದೇಶಗಳಿಂದ ಸೆಳೆಯುತ್ತವೆ. ಹೀಗಿದ್ದರೂ ಅಂಗಡಿಗೆ ಬರುವ ಕ್ರಾಲರುಗಳ ಮೈಮೇಲಿರುವುದು ಬಹುಪಾಲು ಅಮೆರಿಕ, ಬ್ರಿಟನ್ ಅಥವಾ ಜಪಾನಿನ ವಾಹನಗಳ ರೂಪ. ಈ ಸೀಮೆಯ ರಸ್ತೆಗಳಲ್ಲಿ ದಿನವೂ ಓಡಾಡುವ ಮಹೀಂದ್ರಾ ಥಾರ್, ಬೊಲೆರೊ, ಹಳೆಯ ಮಾರುತಿ ಜಿಪ್ಸಿ ಅಥವಾ ಹಿಂಬದಿಯಲ್ಲಿ ಹೂಬಳ್ಳಿ ಬರೆಸಿಕೊಂಡ ಸರಕು ಲಾರಿ ಬೇಕೆಂದವರು ಬಾಡಿಯನ್ನು ತಾವೇ ಬದಲಿಸಿಕೊಳ್ಳಬೇಕು, ಇಲ್ಲವೇ ಹೊಸದಾಗಿ ಕಟ್ಟಿಕೊಳ್ಳಬೇಕು.

ಈ ಕೆಲಸದ ಮೊದಲ ಹೆಜ್ಜೆ ಅಳತೆಯ ಲೆಕ್ಕ, ಮತ್ತು ಹೊಸಬರು ಹೆಚ್ಚಾಗಿ ಎಡವುವುದೂ ಇಲ್ಲಿಯೇ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರಕ್ಕೆ ವೀಲ್‌ಬೇಸ್ ಎಂದು ಹೆಸರಿದ್ದು, 2020ರ ಥಾರ್‌ನಲ್ಲಿ ಅದು 2450 ಮಿ.ಮೀ ಇರುವುದರಿಂದ ಹತ್ತನೆಯ ಒಂದು ಅಳತೆಯಲ್ಲಿ 245 ಮಿ.ಮೀ ಆಗಬೇಕು, ಆದರೆ ಈ ವರ್ಗದ ಚಾಸಿಗಳಲ್ಲಿ ಬಲು ಸಾಮಾನ್ಯವಾದ ವೀಲ್‌ಬೇಸ್ 313 ಮಿ.ಮೀ. ಇಂಥ ಚಾಸಿಯ ಮೇಲೆ ಅಳತೆಗೆ ಸರಿಯಾದ ಥಾರ್ ಬಾಡಿಯನ್ನು ಇಟ್ಟರೆ ಚಕ್ರಗಳು ಗಾಲಿಗೂಡುಗಳಿಂದ ಹೊರಗೇ ಉಳಿಯುತ್ತವೆ. ಆಗ ಉಳಿಯುವ ದಾರಿಗಳೆಂದರೆ ಆಕ್ಸಲ್ಲುಗಳನ್ನು ಹಿಡಿದಿಡುವ ಕಡ್ಡಿಗಳನ್ನು ಬದಲಿಸಿ ಚಾಸಿಯನ್ನೇ ಮೊಟಕುಗೊಳಿಸುವುದು, ಬಾಡಿಯನ್ನು 1:7.8ರಷ್ಟು ದೊಡ್ಡದಾಗಿ ಕಟ್ಟುವುದು, ಅಥವಾ 2024ರಲ್ಲಿ ಬಂದ, 2850 ಮಿ.ಮೀ ವೀಲ್‌ಬೇಸಿನ ಐದು ಬಾಗಿಲಿನ ಥಾರ್ ರಾಕ್ಸ್‌ನಂಥ ಉದ್ದನೆಯ ವಾಹನವನ್ನು ಆರಿಸಿಕೊಂಡು ಅಲ್ಪಸ್ವಲ್ಪ ಹೊಂದಿಸಿಕೊಳ್ಳುವುದು. ಕಾಗದದ ಮೇಲೆ ಪಕ್ಕನೋಟವನ್ನು ಮಾದರಿಯ ಪೂರ್ಣ ಅಳತೆಯಲ್ಲಿ ಬರೆದು, ಚಾಸಿಯನ್ನು ಅದರ ಮೇಲಿಟ್ಟು ನೋಡಿದ ಬಳಿಕವೇ ಕತ್ತರಿ ಹಿಡಿಯುವುದು ಲೇಸು.

ಬಾಡಿಗೆ ಬಳಸುವ ಪ್ಲಾಸ್ಟಿಕ್ಕು ಮುಖ್ಯವಾಗಿ ಎರಡು ಬಗೆಯದು. ಪಾಲಿಕಾರ್ಬನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಸುಮಾರು 1 ಮಿ.ಮೀ ದಪ್ಪದ ಹಾಳೆಯನ್ನು ಕಾಯಿಸಿ, ಅಚ್ಚಿನ ಮೇಲೆ ಎಳೆದು ಮಾಡಿದ ಬಾಡಿ ಹಗುರವಾಗಿದ್ದು, ಬಿದ್ದರೆ ಬಾಗಿ ಮತ್ತೆ ಮೊದಲಿನಂತಾಗುತ್ತದೆ. ಅದಕ್ಕೆ ಬಣ್ಣವನ್ನು ಒಳಮೈಗೆ ಬಳಿಯುವುದರಿಂದ ಹೊರಗಿನ ಗೀರು ಬಣ್ಣವನ್ನು ತಟ್ಟುವುದಿಲ್ಲ, ಆದರೆ ಮೊದಲು ಬಳಿದದ್ದೇ ಹೊರಗೆ ಕಾಣುವುದರಿಂದ ಸೂಕ್ಷ್ಮ ರೇಖೆಗಳನ್ನೂ ಗಾಢ ಬಣ್ಣಗಳನ್ನೂ ಮುಂಚೆ ಹಾಕಿ ತಿಳಿ ಬಣ್ಣಗಳನ್ನು ಕೊನೆಗೆ ಹಾಕುವ ತಲೆಕೆಳಗಿನ ಕ್ರಮವನ್ನು ಅನುಸರಿಸಬೇಕಾಗುತ್ತದೆ. ಎಬಿಎಸ್ ಎಂಬ ಗಡುಸು ಪ್ಲಾಸ್ಟಿಕ್ಕನ್ನು ಕರಗಿಸಿ ಉಕ್ಕಿನ ಅಚ್ಚಿಗೆ ಒತ್ತಡದಿಂದ ತುಂಬಿ ತೆಗೆದ ಬಾಡಿಯಲ್ಲಿ ಬಾಗಿಲಿನ ಸಂದು, ಹಿಡಿಕೆ, ಬೋಲ್ಟಿನ ತಲೆ ಮೊದಲಾದವು ಚೂಪಾಗಿ ಮೂಡುತ್ತವೆ. ಅದಕ್ಕೆ ನಿಜವಾದ ಕಾರಿನಂತೆ ಹೊರಮೈಗೇ ಪ್ರೈಮರು ಮತ್ತು ಬಣ್ಣ ಹಚ್ಚುತ್ತಾರೆ, ಆದರೆ ಅದು ಹೆಚ್ಚು ತೂಗುತ್ತದೆ, ಬಂಡೆಯಿಂದ ಉರುಳಿದರೆ ಸೀಳುತ್ತದೆ. ಇನ್ನೊಂದು ಎಚ್ಚರಿಕೆಯೂ ಅಗತ್ಯ: ಎಬಿಎಸ್ ತುಂಡುಗಳನ್ನು ಬೆಸೆಯಲು ನೆರವಾಗುವ ಅಸಿಟೋನ್ ದ್ರಾವಕವು ಪಾಲಿಕಾರ್ಬನೇಟನ್ನು ಮಂಕಾಗಿಸಿ ಬಿರುಕು ಬಿಡಿಸುತ್ತದೆ, ಮತ್ತು ಸಾಮಾನ್ಯ ಬಣ್ಣಗಳು ಅದರ ಮೇಲೆ ನಿಲ್ಲದೆ ಬಾಗಿದೊಡನೆ ಎದ್ದುಬರುವುದರಿಂದ ಅದಕ್ಕೆಂದೇ ತಯಾರಾದ ಬಣ್ಣವನ್ನೇ ಕೊಳ್ಳಬೇಕು.

ಬಾಡಿಯ ಅಲಂಕಾರಕ್ಕೂ ಬಂಡೆಯೇರುವ ಶಕ್ತಿಗೂ ಇರುವ ವಿರೋಧವೇ ಈ ಕಸುಬಿನ ತಿರುಳು. ಬದಿಗೆ ವಾಲಿದ ವಾಹನ ಯಾವ ಕೋನದಲ್ಲಿ ಮಗುಚುತ್ತದೆ ಎಂಬುದನ್ನು ಎಡಬಲ ಟೈರುಗಳ ನಡುವಿನ ಅಗಲದ ಅರ್ಧಕ್ಕೂ ಗುರುತ್ವಕೇಂದ್ರದ, ಎಂದರೆ ಇಡೀ ತೂಕ ನೆಲೆಗೊಂಡಂತೆ ವರ್ತಿಸುವ ಬಿಂದುವಿನ, ಎತ್ತರಕ್ಕೂ ಇರುವ ಅನುಪಾತ ನಿರ್ಧರಿಸುತ್ತದೆ. ಎರಡೂವರೆ ಕಿಲೋ ತೂಕದ, ಟೈರುಗಳ ನಡುವೆ 200 ಮಿ.ಮೀ ಅಂತರವಿರುವ, ಗುರುತ್ವಕೇಂದ್ರ ನೆಲದಿಂದ 90 ಮಿ.ಮೀ ಎತ್ತರದಲ್ಲಿರುವ ಮಾದರಿಯೊಂದನ್ನು ಕಲ್ಪಿಸಿಕೊಂಡರೆ, ಟೈರು ಮತ್ತು ಸ್ಪ್ರಿಂಗುಗಳ ಬಾಗುವಿಕೆಯನ್ನು ಬಿಟ್ಟು ಲೆಕ್ಕ ಹಾಕಿದಾಗ ಅದು ಸುಮಾರು 48 ಡಿಗ್ರಿಯವರೆಗೆ ವಾಲಿ ನಿಲ್ಲಬಲ್ಲದು. ಅದರ ಮಾಡಿನ ಮೇಲೆ, ನೆಲದಿಂದ 220 ಮಿ.ಮೀ ಎತ್ತರದಲ್ಲಿ, ಲಗೇಜು ಕ್ಯಾರಿಯರು, ಹೆಚ್ಚುವರಿ ಟೈರು, ಪುಟ್ಟ ಡೀಸೆಲ್ ಕ್ಯಾನುಗಳೆಂದು ಕೇವಲ 250 ಗ್ರಾಂ ಸೇರಿಸಿದರೆ ಗುರುತ್ವಕೇಂದ್ರ 102 ಮಿ.ಮೀಗೆ ಏರಿ, ಮಗುಚುವ ಕೋನ 44.5 ಡಿಗ್ರಿಗೆ ಇಳಿಯುತ್ತದೆ. ಮೂರೂವರೆ ಡಿಗ್ರಿಯ ಈ ನಷ್ಟ ಕಾಗದದ ಮೇಲೆ ಅಲ್ಪವೆನಿಸಿದರೂ ಈ ಸೀಮೆಯ ದುಂಡುಬಂಡೆಯ ಓರೆಯಲ್ಲಿ ಏರುವುದಕ್ಕೂ ಉರುಳುವುದಕ್ಕೂ ಇರುವ ಅಂತರವೇ ಅದಾಗಬಹುದು. ಅನುಭವಸ್ಥರು ಹಿತ್ತಾಳೆಯ ತೂಕದ ಬಿಲ್ಲೆಗಳನ್ನು ಆಕ್ಸಲ್ಲಿಗೂ ಚಕ್ರದ ಒಳಭಾಗಕ್ಕೂ ಹಾಕಿ, ಮೇಲಿನ ಪ್ರತಿಯೊಂದು ಅಲಂಕಾರವನ್ನೂ ಗ್ರಾಂ ಲೆಕ್ಕದಲ್ಲಿ ತೂಗಿ ಇಡುವುದು ಇದೇ ಕಾರಣಕ್ಕೆ.

ಕತ್ತರಿಸುವ ಕೆಲಸವೂ ಅಂದಕ್ಕಿಂತ ಹೆಚ್ಚಾಗಿ ಏರಿಕೆಗೆ ಸಂಬಂಧಿಸಿದ್ದು. ಚಕ್ರ ಪೂರ್ತಿ ಮೇಲೆದ್ದು ತಿರುಗಿದಾಗ ತಾಗದಂತೆ ಗಾಲಿಗೂಡನ್ನು ಅಗಲಗೊಳಿಸುವುದು, ಇಳಿಯುವಾಗ ಬಾಲ ಬಂಡೆಗೆ ಸಿಕ್ಕದಂತೆ ಹಿಂಬದಿಯನ್ನು ಮೊಟಕುಗೊಳಿಸುವುದು, ಮುಂಬದಿಯ ಅಗಲ ಬಂಪರನ್ನು ಚಕ್ರಗಳ ನಡುವಿಗೆ ಸೀಮಿತಗೊಳಿಸುವುದು, ಇವೆಲ್ಲ ಅದರ ಭಾಗಗಳು. ಬಾಡಿಯನ್ನು ಚಾಸಿಗೆ ಕೂರಿಸಲು ಮಾಡಿನಿಂದ ಹೊರಚಾಚುವ ಕಂಬ ಮತ್ತು ಕ್ಲಿಪ್ಪುಗಳ ಬದಲು ಒಳಗೆ ಅಯಸ್ಕಾಂತಗಳನ್ನು ಅಂಟಿಸಿದರೆ ಹೊರನೋಟ ಕೆಡುವುದಿಲ್ಲ.

ಹಗುರವಾದ ಒಡಲಿಗೆ ಗಟ್ಟಿಯಾದ, ಶ್ರೀಮಂತವಾದ ಮೇಲ್ಮೈ ಕೊಡುವುದು ಹೇಗೆಂಬ ಪ್ರಶ್ನೆಗೆ ಕಿನ್ನಾಳದ ಚಿತ್ರಗಾರರು ಪ್ಲಾಸ್ಟಿಕ್ ಬರುವುದಕ್ಕೆ ಬಹಳ ಮುಂಚೆಯೇ ಉತ್ತರ ಕಂಡುಕೊಂಡಿದ್ದರು. ಹಗುರ ಜಾತಿಯ ಮರದ ತುಂಡುಗಳನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸಿ, ಗೋಣಿನಾರನ್ನು ನೆನೆಸಿ ಪುಡಿಮಾಡಿ ಅದೇ ಅಂಟಿನಲ್ಲಿ ಕಲಸಿದ ಕಿಟ್ಟದಿಂದ ಸಂದುಗಳನ್ನು ಮುಚ್ಚಿ, ಮೇಲೆ ಹತ್ತಿಬಟ್ಟೆಯ ಚೂರುಗಳನ್ನು ಹೊದಿಸಿ, ಬೆಣಚುಕಲ್ಲಿನ ಪುಡಿ ಮತ್ತು ಗೋಂದಿನ ಲೇಪದಿಂದ ಆಭರಣಗಳ ಉಬ್ಬು ಮೂಡಿಸಿ, ಆ ಬಳಿಕವೇ ಬಣ್ಣ ಹಾಕುವುದು ಅವರ ಪರಂಪರಾಗತ ಕ್ರಮ. ಮಾದರಿ ವಾಹನದ ಬಾಡಿ ಕಟ್ಟುವವರು ಗಾಜಿನೆಳೆಯ ಜಾಲರಿಯನ್ನು ಸಂದಿನ ಒಳಗಡೆ ಅಂಟಿಸುವುದು, ಪುಟ್ಟಿ ತುಂಬಿ 400, 800, 1000 ಸಂಖ್ಯೆಯ ಉಜ್ಜುಕಾಗದಗಳಿಂದ ಹಂತಹಂತವಾಗಿ ನಯಗೊಳಿಸುವುದು, ಪ್ರೈಮರಿನ ಮೇಲೆ ಬಣ್ಣ ಕೂರಿಸುವುದು ತತ್ವದಲ್ಲಿ ಇದೇ ಕೆಲಸ. ಆದ್ದರಿಂದ 1:10 ಅಳತೆಯ ಲಾರಿಯ ಮರದ ಕ್ಯಾಬಿನ್ನನ್ನೋ ಸರಕುಪೆಟ್ಟಿಗೆಯನ್ನೋ ವಿದೇಶಿ ಕಿಟ್ಟಿಗೆ ಕಾಯದೆ ತೆಳುವಾದ ಹಗುರ ಮರದಲ್ಲಿ ಕಟ್ಟಿ, ಅದರ ಹಲಗೆಗೆ ಕಿನ್ನಾಳದ ಕುಂಚದಿಂದಲೇ ಹೂಬಳ್ಳಿ ಬರೆಸುವುದು ಸಾಧ್ಯ ಮಾತ್ರವಲ್ಲ, ತೂಕದ ದೃಷ್ಟಿಯಿಂದ ಗಡುಸು ಪ್ಲಾಸ್ಟಿಕ್ಕಿಗಿಂತ ಉತ್ತಮವೂ ಆಗಬಹುದು. ಖಾಯಂ ಕೊಳ್ಳುಗರು ಬೇಕಾಗಿರುವ ಕಿನ್ನಾಳದ ಕಸುಬಿಗೆ ಇದರಿಂದ ಹೊಸ ಕೆಲಸವೊಂದು ದೊರೆತಂತೆಯೂ ಆಗುತ್ತದೆ.

ಬಣ್ಣ ಮುಗಿದ ಮೇಲೆ ಬಾಡಿಗೆ ಬಳಕೆಯ ಗುರುತುಗಳನ್ನು ಕೊಡುವ ಕಲೆಗೆ ವೆದರಿಂಗ್ ಎನ್ನುತ್ತಾರೆ. ತುಕ್ಕಿನ ಬಣ್ಣದ ಮೇಲೆ ಹೇರ್‌ಸ್ಪ್ರೇ ಸಿಂಪಡಿಸಿ, ಅದು ಒಣಗಿದ ಬಳಿಕ ನೀರಿನಲ್ಲಿ ಕಲಸುವ ಆಕ್ರಿಲಿಕ್ ಬಣ್ಣ ಹಚ್ಚಿ, ಒದ್ದೆ ಕುಂಚದಿಂದ ಉಜ್ಜಿದರೆ ಮೇಲಿನ ಬಣ್ಣ ಅಲ್ಲಲ್ಲಿ ಎದ್ದು ಕೆಳಗಿನ ತುಕ್ಕು ಇಣುಕುತ್ತದೆ. ತಂತ್ರ ಸುಲಭ, ಎಲ್ಲಿ ಮಾಡಬೇಕೆಂಬ ವಿವೇಕ ಕಷ್ಟ. ನೀರು ನಿಲ್ಲುವ ಸಂದು, ಕಲ್ಲು ಸಿಡಿಯುವ ಗಾಲಿಗೂಡಿನ ಅಂಚು, ಕೈತಾಗುವ ಹಿಡಿಕೆಯ ಸುತ್ತ ಮಾತ್ರ ಸವೆತ ಕಾಣಬೇಕೇ ಹೊರತು ಮಾಡಿನ ನಟ್ಟನಡುವೆ ಅಲ್ಲ. ಧೂಳಿನ ಬಣ್ಣಕ್ಕೂ ಊರಿನ ಗುರುತಿದೆ: ಯಲಬುರ್ಗಾ ಕಡೆಯ ಎರೆಭೂಮಿಯಲ್ಲಿ ಓಡಿದ ಜೀಪಿಗೆ ಅಂಟುವುದು ಒಣಗಿ ಬಿರಿಯುವ ಕಪ್ಪು ಮಣ್ಣು, ಮಸಾರಿ ನೆಲದಲ್ಲಿ ಓಡಿದ್ದಕ್ಕೆ ಕೆಂಪು ಹುಡಿ, ಗಂಗಾವತಿಯ ಕಾಲುವೆ ನೀರಿನ ಗದ್ದೆಬಯಲಲ್ಲಿ ಓಡಿದ್ದಕ್ಕೆ ಮೆತ್ತಿದ ಕೆಸರು. ಆಯಾ ನೆಲದ ಮಣ್ಣನ್ನೇ ತೆಳುಬಟ್ಟೆಯಲ್ಲಿ ಸೋಸಿ, ಹೊಳಪಿಲ್ಲದ ವಾರ್ನಿಷಿನಲ್ಲಿ ಕಲಸಿ ಬಳಿದರೆ ಬರುವ ನೈಜತೆ ಯಾವ ಆಮದು ಬಣ್ಣದ ಡಬ್ಬಿಯಲ್ಲಿಯೂ ಸಿಗುವುದಿಲ್ಲ.

ಹೀಗೆ ಸಿದ್ಧವಾದ ವಾಹನವನ್ನು ಎಲ್ಲಿ ಓಡಿಸಬೇಕೆಂಬುದರಲ್ಲಿ ಈ ಜಿಲ್ಲೆಯ ಹವ್ಯಾಸಿಗೆ ವಿಶೇಷ ಹೊಣೆಯಿದೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡದಲ್ಲಿ ಬೃಹತ್ ಶಿಲಾಯುಗದ ಕಲ್ಮನೆಗಳಿವೆ. ಆನೆಗೊಂದಿಯ ಹಲವು ಬಂಡೆಗಳು ಹಂಪಿಯ ಪರಂಪರೆಗೇ ಸೇರಿದವು. ಎರಡೂವರೆ ಕಿಲೋದ ಆಟಿಕೆಯ ಲೋಹದ ಬಂಪರು ಕೂಡ ಶಾಸನದ ಅಕ್ಷರವೊಂದನ್ನು ಗೀರಬಲ್ಲದು, ಮತ್ತು ಆ ಗೀರನ್ನು ಯಾವ ಪುಟ್ಟಿಯಿಂದಲೂ ತುಂಬಲಾಗದು. ಶಾಸನ, ಚಿತ್ರ, ಗುಡಿ, ಗೋರಿಗಳಿಲ್ಲದ ಬಂಡೆಗಳು ಹಿಟ್ನಾಳದ ಆಸುಪಾಸಿನಲ್ಲಿ ಬೇಕಾದಷ್ಟಿರುವುದರಿಂದ, ಜಮೀನಿನವರ ಒಪ್ಪಿಗೆ ಪಡೆದು ಅಂಥವುಗಳ ಮೇಲಷ್ಟೇ ಈ ಪುಟ್ಟ ವಾಹನಗಳನ್ನು ಏರಿಸಬೇಕು.